ಎರಡು ಮೇಜು, ಒಂದು ಹಾಸು

ನನ್ನ ಗಂಡನಿಗೆ ಹುಚ್ಚು ಎಂದರೆ ಜನ ನಗುತ್ತಾರೆ. ಸಭಾಪಾಲಕರ, ಅಂದರೆ ಚರ್ಚಿನ ಪಾದ್ರಿಯ, ಹೆಂಡತಿ ಹಾಗೆಲ್ಲ ಹೇಳಬಾರದಂತೆ. ಹೇಳದೆ ಇನ್ನೇನು ಮಾಡಲಿ? ಮಂಗಳೂರಿನ ಬಲ್ಮಠದಲ್ಲಿ ಹುಟ್ಟಿ, ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ ಆಡಿ ಬೆಳೆದ ಮನುಷ್ಯ ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನಲ್ಲಿ ಪ್ರತಿ ಶನಿವಾರ ಪೆನ್ಸಿಲ್ವೇನಿಯಾ ಡಚ್ ಎಂಬ ಮಾತು ಕಲಿಸುತ್ತಾರೆ. ಹೆಸರಿಗೆ ಡಚ್, ಅಸಲಿಗೆ ಜರ್ಮನ್, ಆಡುವವರು ಅಮೆರಿಕದ ರೈತರು, ಕಲಿಸುವವರು ನಮ್ಮ ಕ್ರಿಸ್ಟೋಫರ್ ಸೋನ್ಸ್! ಕಲಿಯಲು ಬರುವವರು ನಾಲ್ಕು ಜನ. ಮಳೆ ಬಂದರೆ ಇಬ್ಬರು.

ಮೂವತ್ತು ವರ್ಷಗಳ ಹಿಂದೆ ಇವರು ದೇವಶಾಸ್ತ್ರ ಓದಲು ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದರು. ಭಾನುವಾರಗಳಲ್ಲಿ ಒಂದು ಹಳ್ಳಿಯ ಚರ್ಚಿನಲ್ಲಿ ಸಹಾಯಕ್ಕೆ ನಿಂತರು. ಅಲ್ಲಿನ ಮುದುಕರು ತಮ್ಮತಮ್ಮಲ್ಲಿ ಆಡುವ ಮಾತು ಕಿವಿಗೆ ಬಿತ್ತು, ಅಷ್ಟೆ, ಮನುಷ್ಯ ಮುಗಿದೇ ಹೋದರು. ಈಗ ಆ ಮಾತಿನಲ್ಲಿ ಕೀರ್ತನೆಗಳನ್ನು ಬರೆಯುತ್ತಾರೆ, ತಿಂಗಳಿಗೊಂದು ಪತ್ರಿಕೆ ಹೊರಡಿಸುತ್ತಾರೆ, ವರ್ಷಕ್ಕೊಮ್ಮೆ ಅದರಲ್ಲೇ ಆರಾಧನೆ ನಡೆಸುತ್ತಾರೆ. ಪದಗಳನ್ನು ಬರೆದಿಟ್ಟ ಚೀಟಿಗಳು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿ ನಮ್ಮ ಮಂಚದ ಅಡಿಯಲ್ಲಿವೆ. ಕಸ ಗುಡಿಸುವವಳು ನಾನು, ಆದ್ದರಿಂದ ಲೆಕ್ಕ ಗೊತ್ತು: ನಲವತ್ತೊಂದು ಡಬ್ಬ.

"ನಿಮಗೆ ಯಾಕೆ ಇದು ಮಾರಾಯ್ರೇ?" ಎಂದು ಎಷ್ಟು ಸಲ ಕೇಳಿಲ್ಲ. ಒಂದೇ ಉತ್ತರ. "ನಮ್ಮ ಕನ್ನಡಕ್ಕೆ, ತುಳುವಿಗೆ ಜರ್ಮನ್ ಪಾದ್ರಿಗಳು ಬಂದು ನಿಘಂಟು ಮಾಡಿ ಕೊಡ್ಲಿಲ್ವಾ ಜೇನ್? ಅವರ ಕಡೆಯವರ ಮಾತಿಗೆ ನಾನು ಇಷ್ಟು ಮಾಡಿದ್ರೆ ಎಂತ ತಪ್ಪು?"

ತಪ್ಪೇನೂ ಇಲ್ಲ. ಸ್ವಂತ ಮಗಳು ಮಿಶೆಲ್‌ಗೆ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ಅದೊಂದೇ.

ನನ್ನದೂ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟಿನ ಮೂಲ ತಿಳಿಯುವುದಿಲ್ಲ. ನಾನು ಶಿರ್ವದ ಕೊಂಕಣಿ ಕ್ಯಾಥೊಲಿಕರ ಮಗಳು. ಕ್ರಿಸ್ಟೋಫರ್ ಪ್ರೊಟೆಸ್ಟೆಂಟ್, ಅದರಲ್ಲೂ ಪಾದ್ರಿಯಾಗಲು ಹೊರಟವರು. ನಮ್ಮ ಪಾದ್ರಿಗಳು ಮದುವೆಯಾಗುವುದಿಲ್ಲವಲ್ಲ, ಹಾಗಾಗಿ ಸುದ್ದಿ ಕೇಳಿದ ನಮ್ಮಜ್ಜಿ "ಪಾದ್ರಿಯನ್ನು ಮದುವೆಯಾಗುವುದಾ? ಜೇಜುವೇ!" ಎಂದು ಎದೆ ಹಿಡಿದು ಕುಳಿತಳು. ಅಜ್ಜಿಯದು ತಮಾಷೆ. ಅಪ್ಪನದು ತಮಾಷೆಯಲ್ಲ. ಮದುವೆಯ ಬಳಿಕ ಮನೆಗೆ ಹೋದಾಗ ನಾನು ಊಟಕ್ಕೆ ಕುಳಿತೊಡನೆ ಅಪ್ಪ ಬಟ್ಟಲು ಬಿಟ್ಟು ಎದ್ದು ಹೋದರು. ಮರುದಿನವೂ ಹಾಗೆಯೇ. ಮೂರನೆಯ ದಿನ ಅಮ್ಮ ನನಗೆ ಹಿಂದಿನ ಜಗಲಿಯಲ್ಲಿ ಬಡಿಸಿದಳು, ನಾನು ನಿಂತುಕೊಂಡೇ ತಿಂದೆ. ಅಪ್ಪ ಸತ್ತು ಹದಿನಾರು ವರ್ಷ ಆಯಿತು. ನನ್ನೊಡನೆ ಒಂದು ಮಾತು ಆಡದೆ ಸತ್ತರು. ಆ ಜಗಲಿಯ ದಿನದಿಂದ ಇಂದಿನವರೆಗೆ ನಾನು ಊಟಕ್ಕೆ ಕುಳಿತವಳಲ್ಲ. ಸಿಂಕಿನ ಹತ್ತಿರ, ಫ್ರಿಜ್ಜಿಗೆ ಒರಗಿ, ಬಟ್ಟಲು ಕೈಯಲ್ಲಿ ಹಿಡಿದು. ಮಿಶೆಲ್ ನನ್ನನ್ನು ಕುದುರೆ ಎನ್ನುತ್ತಾಳೆ.

ಇನ್ನು ಲವೀನಾ. ಹೆಸರು ಕೇಳಿ ನಮ್ಮೂರಿನವಳು ಎಂದುಕೊಳ್ಳಬೇಡಿ. ಅರುವತ್ತೆಂಟು ವರ್ಷದ ಬಿಳಿ ಹೆಂಗಸು, ಗಂಡ ತೀರಿಕೊಂಡು ಅಕ್ಸ್‌ಬ್ರಿಡ್ಜಿನ ಫ್ಲಾಟ್ ಒಂದರಲ್ಲಿ ಒಬ್ಬಳೇ ಇರುವವಳು. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಇಂದಿಗೂ ಕುದುರೆಗಾಡಿಯಲ್ಲೇ ಓಡಾಡುವ ಕಟ್ಟುನಿಟ್ಟಿನ ಕ್ರೈಸ್ತರ ನಡುವೆ. ಕಾರು ಇಲ್ಲ, ಕರೆಂಟ್ ಇಲ್ಲ, ಫೋಟೋ ತೆಗೆಸುವ ಹಾಗಿಲ್ಲ, ಬಟ್ಟೆಗೆ ಗುಂಡಿ ಕೂಡ ಕಮ್ಮಿ. ದೀಕ್ಷಾಸ್ನಾನ ಪಡೆದು, ಆಮೇಲೆ ಇಪ್ಪತ್ತೆರಡರಲ್ಲಿ ಹೊರಗಿನ ಇಂಗ್ಲಿಷ್ ಹುಡುಗನನ್ನು ಕಟ್ಟಿಕೊಂಡು ಹೊರಟಳು. ಅವರಲ್ಲಿ ಹಾಗೆ ಹೋದವರಿಗೆ ಬಹಿಷ್ಕಾರ. ಅವರೊಡನೆ ಒಂದೇ ಮೇಜಿನಲ್ಲಿ ಯಾರೂ ಉಣ್ಣಬಾರದು.

ಮೂರು ವರ್ಷದಿಂದ ಕ್ಲಾಸಿಗೆ ಬರುತ್ತಾಳೆ. ಅವಳಿಗೆ ಕಲಿಯುವುದಕ್ಕೆ ಏನಿದೆ, ಅವಳ ತಾಯಿನುಡಿಯೇ ಅದು! ಹಿಂದಿನ ಕುರ್ಚಿಯಲ್ಲಿ ಕುಳಿತು, ಎಡಕಿವಿ ಮುಂದೆ ಮಾಡಿ, ಕಣ್ಣು ಮುಚ್ಚಿ ಇವರ ಮಾತು ಕೇಳುತ್ತಾಳೆ. "ನಿನ್ನ ಗಂಡ ನಮ್ಮ ಕಣಿವೆಯ ಮುದುಕಿಯ ಹಾಗೆ ಮಾತಾಡ್ತಾನೆ, ಅದಕ್ಕೇ ಬರುವುದು" ಎಂದು ನಗುತ್ತಿದ್ದಳು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಬರೆಯುತ್ತಿರುವುದು ನನ್ನ ಕನ್ನಡದಲ್ಲಿ.

ಈ ಅಕ್ಟೋಬರಿನ ಒಂದು ಶನಿವಾರ ಕ್ಲಾಸ್ ಮುಗಿದು ಚಹಾದ ಮಗ್ ತೊಳೆಯುತ್ತಿದ್ದೆ. ಲವೀನಾ ಪಕ್ಕಕ್ಕೆ ಬಂದು ಒಂದು ಕಾಗದ ಬಿಡಿಸಿದಳು. ನಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ಪರೀಕ್ಷೆಯ ಕಾಗದದ ಗೆರೆ ನೋಡಿದರೆ ಸಾಕು, ಕಿವಿ ಎಷ್ಟು ಕೇಳುತ್ತದೆ ಎಂದು ತಿಳಿಯುತ್ತದೆ. ಬಲಕಿವಿ ಹೋಗಿ ಬಹಳ ಕಾಲವಾಗಿತ್ತು. ಎಡಕಿವಿಯ ಗೆರೆ ಬಾವಿಗೆ ಇಳಿಯುವ ಹಗ್ಗದಂತೆ ಕೆಳಗೆ ಹೋಗಿತ್ತು.

"ಕ್ರಿಸ್‌ಮಸ್‌ವರೆಗೆ ಈ ಕಿವಿ ಇರಬಹುದು ಅಂದ್ರು" ಎಂದಳು. "ಮೆಷಿನ್ ಹಾಕಿದ್ರೂ ಶಬ್ದ ಕೇಳಿಸ್ತದೆ, ಮಾತು ಗೊತ್ತಾಗುದಿಲ್ಲ. ಅದಕ್ಕೆಲ್ಲ ನನಗೆ ಬೇಜಾರಿಲ್ಲ ಜೇನ್. ಒಂದೇ ಆಸೆ ಇತ್ತು. ಕಿವಿ ಹೋಗುವ ಮೊದಲು ಅಮ್ಮನ ಸ್ವರ ಒಮ್ಮೆ ಕೇಳಬೇಕಿತ್ತು. ನಮ್ಮವರಲ್ಲಿ ಫೋಟೋ ಇಲ್ಲ, ಟೇಪ್ ಇಲ್ಲ. ಎಲ್ಲಿಂದ ಬರಬೇಕು? ಮೊಟ್ಟೆ ಮಾರುವ ಮಲಿಂಡಾ ಅಂದ್ರೆ ಇಡೀ ಕಣಿವೆಗೆ ಗೊತ್ತಿದ್ದವಳು, ಈಗ ಅವಳದ್ದು ಏನೂ ಉಳಿದಿಲ್ಲ."

ನನ್ನ ಕೈಯಿಂದ ಮಗ್ ಜಾರಿ ಸಿಂಕಿಗೆ ಬಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ತೊಂಬತ್ತು ನಿಮಿಷದ್ದು. ಮದುವೆಯಾದ ದಿನದಿಂದ ನೋಡುತ್ತಿದ್ದೇನೆ. ಪ್ರತಿ ಶುಕ್ರವಾರ ಸಂಜೆ ಇವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಾರೆ, ಬಾಯಲ್ಲಿ ಅದರ ಜೊತೆಜೊತೆಗೆ ಹೇಳುತ್ತಾರೆ. ನಾವು ಅದಕ್ಕೆ ಮುದುಕಿ ಟೇಪು ಎನ್ನುತ್ತೇವೆ. ಅದರ ಮೇಲೆ ಇವರ ಅಕ್ಷರದಲ್ಲಿ ಬರೆದದ್ದು ಎರಡೇ ಶಬ್ದ: 'ಮಲಿಂಡಾ, ಮೊಟ್ಟೆ'.

ಮನೆಗೆ ವಾಪಸು ಬರುವಾಗ ಕಾರಿನಲ್ಲಿ ಹ್ಯಾರೋ ದಾಟುವವರೆಗೆ ತುಟಿ ಬಿಚ್ಚಲಿಲ್ಲ, ಅದು ನನ್ನ ಮಟ್ಟಿಗೆ ದಾಖಲೆ. ಆಮೇಲೆ ಕೇಳಿದೆ.

"ಟೇಪಿನ ಮುದುಕಿ ಲವೀನಾಳ ಅಮ್ಮ ಅಲ್ವಾ?"

ಇವರು ಬೆಚ್ಚಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, "ಹೌದು" ಎಂದರು.

"ನಿಮಗೆ ಯಾವಾಗಿಂದ ಗೊತ್ತುಂಟು?"

"ಅವಳು ಬಂದ ಮೊದಲನೇ ತಿಂಗಳಿಂದ. ಊರು, ಕಣಿವೆ ಎಲ್ಲ ಹೇಳಿದ್ಲಲ್ಲ."

"ಮೂರು ವರ್ಷ! ಮೂರು ವರ್ಷ ಬಾಯಿಗೆ ಬೀಗ ಹಾಕಿ ಕೂತಿದ್ರಾ? ನಿಮಗೆ ಎದೆ ಅಂತ ಒಂದು ಉಂಟಾ ಇಲ್ವಾ ಮಾರಾಯ್ರೇ?"

ಸಿಗ್ನಲ್ ಹಸಿರಾಯಿತು, ಹಿಂದಿನವನು ಹಾರ್ನ್ ಹೊಡೆದ. ಮನೆ ತಲುಪುವಷ್ಟರಲ್ಲಿ ತುಂಡು ತುಂಡಾಗಿ ಎಲ್ಲ ಹೇಳಿದರು. ಮಲಿಂಡಾ ಆಗ ಎಪ್ಪತ್ತರ ಮುದುಕಿ, ಚರ್ಚಿನ ಪಕ್ಕದ ಹೊಲದವಳು. ಇವರು ಮೊಟ್ಟೆ ತರಲು ಹೋದಾಗಲೆಲ್ಲ ಒಂದೊಂದು ಮಾತು ಹತ್ತತ್ತು ಸಲ ಹೇಳಿಸಿಕೊಂಡು ಅವಳ ಜೀವ ತಿನ್ನುತ್ತಿದ್ದರಂತೆ. ಕಡೆಗೆ ಅವಳೇ ಬೇಸತ್ತು, ಟೇಪ್ ರೆಕಾರ್ಡರ್ ತೋರಿಸಿ, "ಹೋಗು, ನಿನ್ನ ಆ ಡಬ್ಬಿಯಲ್ಲಿ ತುಂಬಿಸಿಕೋ, ಮನೆಯಲ್ಲಿ ಕೂತು ಕಲಿ. ಆದರೆ ಎರಡು ಮಾತು ಕೊಡು" ಎಂದಳು. ತನ್ನ ಸ್ವರ ಬೇರೆ ಯಾರ ಕಿವಿಗೂ ಬೀಳಬಾರದು. ಕಲಿತ ಮೇಲೆ ಅಳಿಸಿಬಿಡಬೇಕು. ಇವರು ಎರಡಕ್ಕೂ ತಲೆ ಆಡಿಸಿದ್ದರು.

"ಅಳಿಸ್ಲಿಲ್ಲ" ಎಂದರು. "ಮನಸ್ಸು ಬರ್ಲಿಲ್ಲ ಜೇನ್. ಮೂವತ್ತು ವರ್ಷ ಇಟ್ಟುಕೊಂಡೆ. ಇದುಂಟು ಅಂತ ಲವೀನಾಗೆ ಹೇಳಿದ್ರೆ, ನಿನ್ನ ಅಮ್ಮನಿಗೆ ಕೊಟ್ಟ ಮಾತು ಮುರಿದವ ನಾನು ಅಂತ್ಲೂ ಹೇಳಬೇಕಲ್ಲ. ಕೇಳಿಸಿದ್ರೆ ಇನ್ನೊಂದೂ ಮುರಿದ ಹಾಗೆ."

"ದೊಡ್ಡ ಹರಿಶ್ಚಂದ್ರ! ಒಂದು ಮುರಿದಾಯ್ತು, ಇನ್ನೊಂದಕ್ಕೆ ಎಂತ ಮಡಿ?"

ಇವರು ಕಾರಿನಿಂದ ಇಳಿದು ಬಾಗಿಲು ಹಾಕಿದರು. ಇವರ ಮೌನ ನನಗೆ ಮೊದಲಿನಿಂದಲೂ ಆಗದು. ಅಪ್ಪನದೂ ಅದೇ ಮೌನವಾಗಿತ್ತು.

ಆ ವಾರ ನನ್ನ ಮೈಯಲ್ಲಿ ಇರುವೆ ಹರಿದಂತಾಗಿತ್ತು. ಆಸ್ಪತ್ರೆಯಲ್ಲಿ ಜನರ ಕಿವಿಗೆ ಹೆಡ್‌ಫೋನ್ ಇಡುವಾಗೆಲ್ಲ ಲವೀನಾಳ ಗೆರೆ ಕಣ್ಣಿಗೆ ಬರುತ್ತಿತ್ತು. ಮನೆಯಲ್ಲಿ ಒರೆಸಿದ್ದನ್ನೇ ಒರೆಸಿದೆ, ಮಡಚಿದ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಚಿದೆ. ಒಬ್ಬ ಸತ್ತ ಮುದುಕಿಯ ಹಟಕ್ಕೆ ಬದುಕಿರುವವಳ ಕಿವಿ ಬಲಿಯಾಗಬೇಕೇ? ಬುಧವಾರ ನನಗೆ ರಜೆ. ಇವರು ಯಾರದೋ ಮನೆಗೆ ಪ್ರಾರ್ಥನೆಗೆ ಹೋದದ್ದೇ ತಡ, ಮೇಜಿನ ಡ್ರಾಯರ್ ತೆಗೆದು ಕ್ಯಾಸೆಟ್ ಎತ್ತಿದೆ, ಟೇಪ್ ರೆಕಾರ್ಡರನ್ನು ತರಕಾರಿ ಚೀಲಕ್ಕೆ ತುಂಬಿದೆ. ಮಿಶೆಲ್ ಮೆಟ್ಟಿಲ ಮೇಲಿಂದ ನೋಡಿ, "ಮಮ್, ಆರ್ ಯೂ ಸ್ಟೀಲಿಂಗ್ ಫ್ರಮ್ ಡ್ಯಾಡ್?" ಎಂದಳು.

"ಹೌದು. ನೀನು ಓದು."

ಕ್ವೀನ್ಸ್‌ಬರಿಯಲ್ಲಿ ಟ್ಯೂಬ್ ಹತ್ತಿ, ವೆಂಬ್ಲಿ ಪಾರ್ಕಿನಲ್ಲಿ ಬದಲಿಸಿ, ಅಕ್ಸ್‌ಬ್ರಿಡ್ಜ್ ಬರುವವರೆಗೆ ಒಂದು ಸೀಟಿನಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಪಾಪ ಮಾಡುತ್ತಿದ್ದೇನೆ ಎಂಬುದು ಗೊತ್ತಿತ್ತು. ಪುಣ್ಯ ಮಾಡುತ್ತಿದ್ದೇನೆ ಎಂಬುದೂ ಗೊತ್ತಿತ್ತು. ಎರಡೂ ಒಂದೇ ಚೀಲದಲ್ಲಿದ್ದವು.

ಲವೀನಾ ಬಾಗಿಲು ತೆಗೆದು ಒಳಗೆ ಕರೆದಳು. ನಾನು ಕೋಟು ಕೂಡ ಬಿಚ್ಚದೆ ರೆಕಾರ್ಡರನ್ನು ಅವಳ ಮುಂದಿಟ್ಟು, ಎಡಕಿವಿಯ ಹತ್ತಿರ ಬಾಗಿ, ಒಂದೇ ಉಸಿರಿಗೆ ಹೇಳಿದೆ. ಇದರಲ್ಲಿ ನಿನ್ನ ಅಮ್ಮ ಇದ್ದಾಳೆ. ತೊಂಬತ್ತೈದರಲ್ಲಿ ನನ್ನ ಗಂಡ ತುಂಬಿಸಿಕೊಂಡದ್ದು.

ಅವಳು ಕುಳಿತಳು. ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು, ಉಗುರು ಬಿಳಿಚಿತು, ಇನ್ನೇನು ಒತ್ತಬೇಕು. ಒತ್ತಲಿಲ್ಲ.

"ಅಮ್ಮ ಒಪ್ಪಿದ್ದಳಾ?" ಎಂದು ಕೇಳಿದಳು. "ನಮ್ಮವರು ಒಪ್ಪುವುದಿಲ್ಲ ಇದಕ್ಕೆ. ಏನು ಹೇಳಿ ಒಪ್ಪಿದಳು?"

ಹೌದು ಎಂದು ಒಂದು ಸುಳ್ಳು ಹೇಳಿಬಿಡಬಹುದಿತ್ತು. ಆ ಮುಖ ನೋಡಿ ಹೇಳಲಾಗಲಿಲ್ಲ. ಎರಡು ಮಾತನ್ನೂ ಹೇಳಿದೆ. ಯಾರಿಗೂ ಕೇಳಿಸಬಾರದು, ಕಲಿತ ಮೇಲೆ ಅಳಿಸಬೇಕು.

ಲವೀನಾ ಬೆರಳನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. "ಹಾಗಾದ್ರೆ ಅಳಿಸ್ಲಿಕ್ಕೆ ಹೇಳು ಅವನಿಗೆ."

ನನಗೆ ತಲೆ ಕೆಟ್ಟಿತು. "ನಿನಗೆ ಮರುಳಾ? ಆ ಜನರ ಕಟ್ಟುಕಟ್ಟಳೆಯೆಲ್ಲ ಬಿಟ್ಟು ಬಂದವಳು ನೀನು! ಈಗ ಅವರ ಕಟ್ಟಳೆಗೆ ಕಿವಿ ಮುಚ್ಚಿಕೊಳ್ತಿಯಾ?"

"ನಾನು ಬಿಟ್ಟದ್ದು ಸಭೆಯನ್ನು. ಅಮ್ಮನನ್ನಲ್ಲ" ಎಂದಳು. "ಅವಳ ಒಂದು ಮಾತನ್ನು ಮೀರಿ ಮನೆಯಿಂದ ಹೊರಟೆ. ಎರಡನೆಯದನ್ನು ಮೀರುವುದಿಲ್ಲ."

ಚಹಾ ಮಾಡಿದಳು.  ಆಮೇಲೆ ಎರಡು ಸ್ಟೂಲುಗಳನ್ನು ಎಳೆದು, ನಡುವೆ ನಾಲ್ಕು ಬೆರಳು ಬಿಟ್ಟು ಇಟ್ಟು, ಮೇಲೆ ಒಂದು ಅಡುಗೆಮನೆಯ ಟವೆಲ್ ಹಾಸಿದಳು. ಇದು ನೋಡು, ಎಂದಳು. ಬಹಿಷ್ಕಾರ ಆದವರೊಡನೆ ಒಂದೇ ಮೇಜಿನಲ್ಲಿ ಉಣ್ಣಬಾರದಲ್ಲ? ಕೆಲವು ತಾಯಂದಿರು ಹೀಗೆ ಮಾಡುತ್ತಾರೆ. ದೊಡ್ಡ ಮೇಜಿನ ಪಕ್ಕ ಒಂದು ಚಿಕ್ಕ ಮೇಜು, ನಡುವೆ ಸಂದು, ಮೇಲೆ ಒಂದೇ ಬಟ್ಟೆ. ಕಟ್ಟಳೆಗೆ ಎರಡು ಮೇಜು. ಮಗಳು ಮಾತ್ರ ಎಲ್ಲರೊಡನೆ ಕುಳಿತಂತೆಯೇ.

"ಅಮ್ಮ ಅದನ್ನು ಮಾಡ್ಲಿಲ್ಲ. ಎಂಬತ್ತೊಂದರಲ್ಲಿ ಒಮ್ಮೆ ಹೋಗಿದ್ದೆ. ಒಲೆಯ ಹತ್ತಿರ ತಟ್ಟೆ ಕೈಗೆ ಕೊಟ್ಟಳು. ಬೆನ್ನು ತಿರುಗಿಸಿ ನಿಂತಳು. ನಿಂತೇ ತಿಂದೆ. ಮತ್ತೆ ಹೋಗಲಿಲ್ಲ."

ನಿಂತೇ ತಿಂದೆ.  ನಾನೂ ನಿಂತೇ ಇದ್ದೆ, ಕೋಟು ಹಾಕಿಕೊಂಡು, ಅವಳ ಫ್ರಿಜ್ಜಿಗೆ ಒರಗಿ.

ಮನೆಗೆ ಬಂದು ಕ್ಯಾಸೆಟ್ಟನ್ನು ಇವರ ಊಟದ ತಟ್ಟೆಯ ಪಕ್ಕ ಇಟ್ಟೆ. ಕದ್ದೆ ಎಂದೆ. ಅವಳು ಕೇಳಲಿಲ್ಲ ಎಂದೆ. ಅಳಿಸಬೇಕಂತೆ ಎಂದೆ. ಇವರು ಬಯ್ಯಲಿಲ್ಲ, ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ಅದರಲ್ಲಿ ಎಂತ ಉಂಟು, ಈಗಾದ್ರೂ ಹೇಳಿ" ಎಂದೆ. "ಇಪ್ಪತ್ತೆಂಟು ವರ್ಷ ಕೇಳಿಸಿಕೊಂಡಿದ್ದೇನೆ ನಿಮ್ಮ ಗೊಣಗಾಟ. ಒಂದು ಅಕ್ಷರ ಗೊತ್ತಿಲ್ಲ ನನಗೆ."

ಹೇಳಿದರು. ಸಾಲುಸಾಲಾಗಿ ಕನ್ನಡ ಮಾಡಿ ಹೇಳಿದರು. ಕೋಳಿಗೂಡು, ಮೊಟ್ಟೆ, ಹಿಮ ಬಿದ್ದ ವರ್ಷ. ಆಮೇಲೆ ಕೊನೆಯ ಹತ್ತು ನಿಮಿಷಕ್ಕೆ ಬಂದಾಗ ನಾನು ತೊಳೆಯುತ್ತಿದ್ದ ಪಾತ್ರೆ ಬಿಟ್ಟು ತಿರುಗಿ ನಿಂತೆ. ಅದರಲ್ಲಿದ್ದದ್ದನ್ನು ಇಲ್ಲಿ ಹೇಳುವುದಿಲ್ಲ, ಅದರ ಜಾಗ ಮುಂದೆ ಇದೆ.

"ಇದನ್ನು ಮಡಗಿಕೊಂಡು ಕೂತಿದ್ರಾ?" ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ಅವಳು ಒಲೆ ಹತ್ತಿರದ ತಟ್ಟೆ ನೆನೆಸಿಕೊಂಡು ನಲವತ್ತು ವರ್ಷದಿಂದ ಸಾಯ್ತಾ ಇದ್ದಾಳೆ! ಹೇಳಿ ಅವಳಿಗೆ!"

"ಮಾತು ಕೊಟ್ಟಿದ್ದೇನೆ ಜೇನ್."

"ಎಂತ ಮಾತು? ನನ್ನ ಸ್ವರ ಯಾರ ಕಿವಿಗೂ ಬೀಳಬಾರದು ಅಂದ್ಲು. ಸ್ವರ. ಶಬ್ದಗಳನ್ನು ನಿಮ್ಮ ಬಾಯಿಗೆ ಅಂತ್ಲೇ ಕೊಟ್ಟದ್ದಲ್ವಾ? ಮೊಟ್ಟೆಯದ್ದು ಕ್ಲಾಸಿನಲ್ಲಿ ಪ್ರತಿ ವಾರ ಹೇಳ್ತೀರಿ, ಅಷ್ಟಕ್ಕೆ ತೊಂದರೆ ಇಲ್ಲ. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ನಾಲಗೆ ಏಳುದಿಲ್ವಾ?"

ಇವರು ನನ್ನನ್ನು ನೋಡಿದರು.   ಕ್ಯಾಸೆಟ್ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು.

ಶುಕ್ರವಾರ ಸಂಜೆ ಕೆಲಸದಿಂದ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. ಹೆಡ್‌ಫೋನ್ ಮೇಜಿನ ಮೇಲಿತ್ತು. ರೆಕಾರ್ಡರ್ ತಿರುಗುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು. ಕೆಂಪು ದೀಪ ಎಂದರೆ ಹಳೆಯದರ ಮೇಲೆ ಹೊಸದು ಹತ್ತುತ್ತಿದೆ ಎಂದು ಅರ್ಥ, ಅಷ್ಟು ನನಗೂ ಗೊತ್ತು. ಇವರು ಕೈಕಟ್ಟಿ ಎದುರು ಕುಳಿತಿದ್ದರು. ಕೋಣೆಯ ನಿಶ್ಶಬ್ದವನ್ನು ತುಂಬಿಸುತ್ತಿದ್ದರು.

ನಾನು ಓಡಿಹೋಗಿ ಗುಂಡಿ ಅದುಮಿದೆ. ಕ್ಯಾಸೆಟ್ಟಿನ ಎರಡನೆಯ ಮಗ್ಗುಲು ಆಗಲೇ ಕೊನೆಗೆ ಬಂದಿತ್ತು. ಹಿಂದಕ್ಕೆ ಸುತ್ತಿ ಹಾಕಿದರೆ ಬರೀ ಸೂಂ ಎಂಬ ಸದ್ದು, ನಮ್ಮ ಹೀಟರಿನ ಟಕಟಕ.

"ಎಂತ ಮಾಡಿದ್ರಿ ಮಾರಾಯ್ರೇ... ಎಂತ ಮಾಡಿಬಿಟ್ರಿ..."

"ಅವಳು ಹೇಳಿದ್ದನ್ನು" ಎಂದರು. "ಅಮ್ಮನೂ ಹೇಳಿದ್ದು, ಮಗಳೂ ಹೇಳಿದ್ದು. ಮೂವತ್ತು ವರ್ಷ ತಡವಾಯ್ತು."

ಆ ರಾತ್ರಿ ನಾನು ಇವರೊಡನೆ ಮಾತು ಬಿಟ್ಟೆ. ಅಪ್ಪನ ಮಗಳಲ್ಲವೇ ನಾನು, ಮಾತು ಬಿಡುವುದು ಚೆನ್ನಾಗಿ ಬರುತ್ತದೆ.

ಮರುದಿನ ಶನಿವಾರ, ನವೆಂಬರಿನ ಮೊದಲ ಶನಿವಾರ, ಕ್ಲಾಸಿನ ವರ್ಷದ ಊಟ. ಪೆನ್ಸಿಲ್ವೇನಿಯಾದಲ್ಲಿ ಹಾಗೊಂದು ಪದ್ಧತಿ ಇದೆಯಂತೆ: ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಉಣ್ಣುವುದು, ಉಣ್ಣುವಾಗ ತಮ್ಮ ಮಾತು ಬಿಟ್ಟು ಇಂಗ್ಲಿಷ್ ಆಡಿದವರಿಗೆ ದಂಡ. ಇಲ್ಲಿ ಇವರು ಮಾಡಿದ ದಂಡ, ಒಂದು ಇಂಗ್ಲಿಷ್ ಶಬ್ದಕ್ಕೆ ಎದ್ದು ಒಂದು ತಟ್ಟೆ ತೊಳೆಯಬೇಕು. ಹಾಗಾಗಿ ಪ್ರತಿ ವರ್ಷವೂ ಊಟ ಮೂಗರ ಮದುವೆಯ ಹಾಗೆ ನಡೆಯುತ್ತದೆ. ಉಪ್ಪು ಬೇಕಾದರೂ ಕೈಸನ್ನೆ.

ನಾನು ಮುಂಚೆಯೇ ಕ್ಲಾಸ್ ನಡೆಯುವ ಚರ್ಚಿನ ಸಭಾಂಗಣಕ್ಕೆ ಹೋಗಿ ಆಲೂಗಡ್ಡೆ ಬೇಯಲು ಇಟ್ಟೆ. ಉದ್ದದ ಮೇಜು ಹಾಕಿದೆ. ಕೈ ನಿಲ್ಲಲಿಲ್ಲ. ಮೂಲೆಯಲ್ಲಿ ಭಾನುವಾರ ಶಾಲೆಯ ಮಕ್ಕಳ ಚಿಕ್ಕ ಮೇಜು ಇತ್ತು, ಅದನ್ನು ದರದರ ಎಳೆದು ತಂದು ಉದ್ದದ ಮೇಜಿನ ತುದಿಗೆ ಇಟ್ಟೆ. ನಾಲ್ಕು ಬೆರಳು ಬಿಟ್ಟೆ. ಎತ್ತರ ಸ್ವಲ್ಪ ಕಮ್ಮಿಯಾಯಿತು, ನಾಲ್ಕು ಕಾಲಿಗೂ ನಾಲ್ಕು ಹಳೆ ಕೀರ್ತನೆ ಪುಸ್ತಕ ಕೊಟ್ಟೆ, ದೇವರು ಕ್ಷಮಿಸಲಿ. ಮೇಲೆ ಒಂದೇ ಬಿಳಿ ಹಾಸು.  ಟೇಪು ಹೋಯಿತು, ಇವರ ನಾಲಗೆ ಏಳುವ ಲಕ್ಷಣವಿಲ್ಲ, ಇಷ್ಟಾದರೂ ಯಾರಾದರೂ ಅವಳಿಗೆ ಮಾಡಬೇಡವೇ?

ಇವರು ಒಳಗೆ ಬಂದು ಮೇಜು ನೋಡಿದರು. ಹಾಸಿನ ಮೇಲೆ ಕೈಯಾಡಿಸಿ, ಸಂದು ಸಿಕ್ಕಿದಲ್ಲಿ ನಿಲ್ಲಿಸಿದರು. ನನ್ನತ್ತ ತಿರುಗಿ ಏನೋ ಹೇಳಲು ಹೊರಟರು. ನಾನು ಮುಖ ತಿರುಗಿಸಿ ಅಡುಗೆಮನೆಗೆ ಹೋದೆ.

ಒಂದು ಗಂಟೆಗೆ ನಾಲ್ವರೂ ಬಂದರು. ಲವೀನಾ ಕೋಟು ಬಿಚ್ಚಿ, ಮೇಜು ನೋಡಿ, ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಉಳಿದವರು ಕುಳಿತರು.

ಇವರು ಪ್ರಾರ್ಥನೆಗೆ ಎದ್ದರು ಎಂದುಕೊಂಡು ಎಲ್ಲರೂ ತಲೆ ಬಾಗಿಸಿದರು. ಪ್ರಾರ್ಥನೆಯಲ್ಲ. ಇವರು ನಡೆದು ಹೋಗಿ ಲವೀನಾಳ ಎಡಗಡೆ ನಿಂತರು, ಕಿವಿಗೆ ಹತ್ತಿರ. ಮೊದಲು ಇಂಗ್ಲಿಷಿನಲ್ಲೇ ಹೇಳಿದರು, ದಂಡದ ಗೊಡವೆ ಬಿಟ್ಟು: "ಅಳಿಸಿದೆ. ಮೂರು ವರ್ಷದ ಹಿಂದೆಯೇ ನಿನಗೆ ಹೇಳಬೇಕಿತ್ತು. ನನ್ನದು ಹೇಡಿತನ. ಅವಳ ಸ್ವರ ಈಗ ಎಲ್ಲೂ ಇಲ್ಲ. ನನಗೆ ಕಲಿಸಿದ್ದು ಮಾತ್ರ ಉಂಟು."

ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದರು, ಆ ಮಾತಿನಲ್ಲಿ.

ಅರ್ಥ ಬುಧವಾರವೇ ನನಗೆ ತಿಳಿದಿತ್ತು, ಆದರೆ ಕೇಳಿದ್ದು ಈಗ. ಐವತ್ತಾರು ವರ್ಷದ, ಮೀಸೆಯ, ಹೊಟ್ಟೆ ಬಂದ ನನ್ನ ಗಂಡನ ಬಾಯಿಂದ ಒಬ್ಬ ಮುದುಕಿ ಮಾತಾಡುತ್ತಿದ್ದಳು. ನಡುನಡುವೆ ಸಣ್ಣ ಕೆಮ್ಮು, ಅದೂ ಅವಳದೇ. ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದು ಅವಳದೇ. ಮೂವತ್ತು ವರ್ಷ ಪ್ರತಿ ಶುಕ್ರವಾರ ಜೊತೆಜೊತೆಗೆ ಹೇಳಿ ಹೇಳಿ ಇವರು ಕಲಿತದ್ದು ಒಂದು ಭಾಷೆಯನ್ನಲ್ಲ, ಒಬ್ಬ ಹೆಂಗಸನ್ನು. ನಾನು ಪೆದ್ದಿ, ಇಷ್ಟು ವರ್ಷ ಅದನ್ನು ಗೊಣಗಾಟ ಎಂದುಕೊಂಡಿದ್ದೆ.

'ಮೊಟ್ಟೆ ಒರೆಸಲು ಹಳೆಯ ಬಟ್ಟೆಯೇ ಆಗಬೇಕು, ಹೊಸತು ಗೀರುತ್ತದೆ. ಹಿಮ ಬಿದ್ದ ವರ್ಷ ಕೋಳಿಗಳನ್ನು ಅಡುಗೆಮನೆಗೆ ತಂದೆ. ಇನ್ನೇನು ಹೇಳಲಿ ನಿನಗೆ? ಭಾನುವಾರದ್ದು ಕೇಳುತ್ತೀಯಾ. ಭಾನುವಾರ ದೊಡ್ಡ ಮೇಜಿನ ಪಕ್ಕ ನನ್ನ ಹೊಲಿಗೆಯ ಮೇಜು ತಂದು ಇಡುತ್ತೇನೆ. ನಾಲ್ಕು ಬೆರಳು ಬಿಟ್ಟು. ಮೇಲೆ ಒಂದೇ ಬಟ್ಟೆ. ಒಂದು ತಟ್ಟೆ ಜಾಸ್ತಿ. ಹದಿನಾಲ್ಕು ವರ್ಷದಿಂದ ಇಡುತ್ತಿದ್ದೇನೆ. ಒಂದು ಸಲ ಮಗಳು ಬಂದಾಗ ನನಗೆ ಧೈರ್ಯವಾಗಲಿಲ್ಲ, ಒಲೆಯ ಹತ್ತಿರ ಕೊಟ್ಟೆ. ಅವಳು ಹೋದ ಮರುವಾರದಿಂದ ಇಡುತ್ತಿದ್ದೇನೆ. ಬಿಷಪ್ ಬಂದು ಬಗ್ಗಿ ನೋಡಿದರೆ ಎರಡು ಮೇಜು. ದೂರದಿಂದ ನೋಡಿದರೆ ಒಂದೇ. ಬರುವವಳು ದೂರದಿಂದ ತಾನೇ ಬರುವುದು.'

ಲವೀನಾಳ ಕೈ ಬಾಗಿಲಿನ ಚೌಕಟ್ಟನ್ನು ಹಿಡಿದಿತ್ತು.

'ಸಾಕು ಹುಡುಗಾ, ಆ ಡಬ್ಬಿ ನಿಲ್ಲಿಸು' ಎಂದರು ಇವರು, ಮುದುಕಿಯ ಹಾಗೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ದಿನ ಇವರು ಡಬ್ಬಿ ನಿಲ್ಲಿಸುವುದನ್ನು ಮರೆತಿದ್ದರು. ಅದರ ಮುಂದೆ ಇನ್ನೊಂದು ನಿಮಿಷ ಇತ್ತಂತೆ: ಹೆಜ್ಜೆ, ತಟ್ಟೆಯ ಸದ್ದು, ಕಿಟಕಿ ತೆಗೆದದ್ದು, ಆಮೇಲೆ ಹೊರಗಿನ ಹೊಲದತ್ತ ಒಂದು ಕೂಗು. ಅಷ್ಟನ್ನು ಇವರು ಯಾವತ್ತೂ, ಒಂದು ಶುಕ್ರವಾರವೂ, ಬಾಯಿಂದ ಹೇಳಿರಲಿಲ್ಲ. ಅದು ಕಲಿಯುವುದಕ್ಕೆ ಕೊಟ್ಟದ್ದಲ್ಲ ಎಂದು. ಈಗ ಕಣ್ಣು ತೆರೆದು, ಹೊಲದ ಆಚೆಗೆ ಕೇಳುವಷ್ಟು ಗಟ್ಟಿಯಾಗಿ ಕರೆದರು:

"ಲವೀನಾ! ಕುಮ್ ಎಸ್ಸೆ!"

ಊಟಕ್ಕೆ ಬಾ.

ಆ ಹೆಂಗಸು ಚಿಕ್ಕ ಹುಡುಗಿಯ ಹಾಗೆ ನಡೆದು ಬಂದಳು. "ಇಖ್ ಕುಮ್, ಮಮ್" ಎಂದಳು. ಬಂದೆ ಅಮ್ಮ. ಆ ಕಡೆ ಈ ಕಡೆ ನೋಡಲಿಲ್ಲ. ಮಕ್ಕಳ ಮೇಜಿನ ಮುಂದಿನ ಕುರ್ಚಿ ಎಳೆದು ಕುಳಿತಳು. ಅಂಗೈಯನ್ನು ಹಾಸಿನ ಮೇಲೆ ಜಾರಿಸುತ್ತ ಹೋಗಿ ಸಂದು ಸಿಕ್ಕಿದಲ್ಲಿ ಒತ್ತಿದಳು, ಬಟ್ಟೆ ಒಳಗೆ ತಗ್ಗಿತು. ಅಲ್ಲೇ ಕೈ ಇಟ್ಟುಕೊಂಡು ಅತ್ತಳು. 

ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಲೂಗಡ್ಡೆಯ ಪಾತ್ರೆಯ ಮುಂದೆ ನಿಂತು ಅಪ್ಪನನ್ನು ಬೈದೆ. ಕೊಂಕಣಿಯಲ್ಲಿ, ಬಾಯಿಗೆ ಬಂದ ಹಾಗೆ. ನಿಮಗೆ ಒಂದು ಸ್ಟೂಲ್ ಸಿಗಲಿಲ್ಲವಾ ಅಪ್ಪಾ, ಮನೆಯಲ್ಲಿ ಒಂದು ಬೆಡ್‌ಶೀಟ್ ಇರಲಿಲ್ಲವಾ, ನಾಲ್ಕು ಬೆರಳು ಬಿಟ್ಟು ಕೂರಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಅವರು ಸತ್ತ ಈ ಹದಿನಾರು ವರ್ಷಗಳಲ್ಲಿ ಅವರೊಡನೆ ನಾನು ಆಡಿದ ಮೊದಲ ಮಾತು ಅದು. ಆಮೇಲೆ ಮೂಗು ಒರೆಸಿಕೊಂಡು, ಪಾತ್ರೆ ಎತ್ತಿಕೊಂಡು ಹೊರಗೆ ಬಂದೆ.

ಎಲ್ಲರಿಗೂ ಬಡಿಸಿದೆ. ಇವರಿಗೆ ಒಂದು ಆಲೂಗಡ್ಡೆ ಜಾಸ್ತಿ ಹಾಕಿದೆ. "ತಿನ್ನಿ" ಎಂದೆ, ಅಲ್ಲಿಗೆ ಮಾತು ಬಿಟ್ಟದ್ದು ಮುಗಿಯಿತು. ನನ್ನ ತಟ್ಟೆ ಹಿಡಿದುಕೊಂಡು ಎಂದಿನಂತೆ ಗೋಡೆಯ ಕಡೆ ಹೊರಟೆ.

ಲವೀನಾ ನನ್ನ ಸೆರಗು ಹಿಡಿದಳು. ಕಣ್ಣು ಇನ್ನೂ ಒದ್ದೆ. ಚಿಕ್ಕ ಮೇಜಿನ ಆಚೆ ಬದಿಯ ಖಾಲಿ ಕುರ್ಚಿಯನ್ನು ಕಾಲಿನಿಂದ ನೂಕಿ, "ಕುಮ್ ಎಸ್ಸೆ" ಎಂದಳು.

ನನಗೆ ಆ ಭಾಷೆಯಲ್ಲಿ ಗೊತ್ತಿರುವುದು ಅದೊಂದೇ ಮಾತು. ತಟ್ಟೆಯನ್ನು ಹಾಸಿನ ಮೇಲಿಟ್ಟು ಕುಳಿತೆ.